ನಿಂತು ನಿಂತು ಎಕ್ಸಾಸ್ಟ್ ವಾಲ್ವ್ ಜಾಮ್ ಆದ ಹಳೇ ಬುಲೆಟ್: ಹೆಡ್ ಎಸೀಬೇಕಾ, ಉಳಿಸ್ಕೋಬಹುದಾ?

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಹತ್ರ ಹಳ್ಳಿ. ಅಪ್ಪಂದು 1987ರ ಬುಲೆಟ್ ಸ್ಟ್ಯಾಂಡರ್ಡ್ 350 ಇದೆ, ಬಲಗಾಲು ಗೇರಿಂದು. ಅಪ್ಪ ತೀರಿಕೊಂಡ ಮೇಲೆ ಯಾರೂ ಓಡಿಸ್ಲಿಲ್ಲ, ಆರೇಳು ಮಳೆಗಾಲ ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೆ ನಿಂತಿತ್ತು. ಮೊದಲೆರಡು ವರ್ಷ ವಾರಕ್ಕೊಂದ್ಸಲ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತಿದ್ವಿ, ಆಮೇಲೆ ಅದೂ ನಿಂತೋಯ್ತು. ಈಗ ಟ್ಯಾಂಕ್ ತೊಳೆದು ಹೊಸ ಪೆಟ್ರೋಲ್ ಹಾಕಿದೀನಿ, ಪ್ಲಗ್ಗಲ್ಲಿ ಕಿಡಿ ಚೆನ್ನಾಗಿ ಬರ್ತಿದೆ, ಆದ್ರೆ ಕಿಕ್ಕರ್ ಬೆಣ್ಣೆ ತರ ಕೆಳಗೆ ಹೋಗತ್ತೆ, ಕಂಪ್ರೆಷನ್ನೇ ಇಲ್ಲ, ಸೈಲೆನ್ಸರ್ ಕಡೆಯಿಂದ ಪುಸ್ ಅಂತ ಗಾಳಿ ಬರತ್ತೆ. ಊರಿನ ಮೆಕ್ಯಾನಿಕ್ ನೋಡಿ ಎಕ್ಸಾಸ್ಟ್ ವಾಲ್ವ್ ತೆರೆದ ಸ್ಥಿತಿಯಲ್ಲೇ ಜಾಮ್ ಆಗಿದೆ, ಹೆಡ್ಡೇ ಹೊಸದು ಹಾಕ್ಬೇಕು ಅಂದ್ರು. ಚಿಕ್ಕಪ್ಪ, ಗೇರ್ ಹಾಕಿ ಇಳಿಜಾರಲ್ಲಿ ತಳ್ಳಿದ್ರೆ ತಾನಾಗೇ ಬಿಟ್ಕೊಳ್ಳತ್ತೆ ಅಂತಾರೆ. ಇನ್ನೊಬ್ರು ಮೇಲಿಂದ ಸುತ್ತಿಗೇಲಿ ಒಂದೇಟು ಕೊಡಿ ಅಂದ್ರು. ಅಪ್ಪನ ಗಾಡಿ, ಒರಿಜಿನಲ್ ಹೆಡ್ ಬಿಸಾಕೋಕೆ ಮನಸ್ಸಿಲ್ಲ. ಬಿಚ್ಚದೇ ಸರಿ ಮಾಡೋ ದಾರಿ ಇದ್ಯಾ? ಮನೇಲೇ ಮಾಡ್ಬಹುದಾ? ಮಾಡಿದ್ರೂ ಮತ್ತೆ ಹಿಂಗೇ ಆಗತ್ತಾ?

ಉತ್ತರ: ಮೊದಲು ನಿಮ್ಮ ದೊಡ್ಡ ಚಿಂತೆಗೆ ಉತ್ತರ ಹೇಳ್ಬಿಡ್ತೀನಿ. ವಾಲ್ವ್ ಜಾಮ್ ಆಯ್ತು ಅನ್ನೋ ಒಂದೇ ಕಾರಣಕ್ಕೆ ಹೆಡ್ ಬಿಸಾಕೋ ಪರಿಸ್ಥಿತಿ ತುಂಬಾ ಅಪರೂಪ. ವಾಲ್ವು, ಅದು ಓಡಾಡೋ ಗೈಡು, ಸ್ಪ್ರಿಂಗು, ಇವೆಲ್ಲ ಬದಲಾಯಿಸೋಕೆ ಅಂತಲೇ ಮಾಡಿರೋ ಸಾಮಾನು, ಹೆಡ್ ಅನ್ನೋದು ಸಿಲಿಂಡರ್ ಮೇಲೆ ಮುಚ್ಚಳದ ಹಂಗೆ ಕೂತು ಅವನ್ನ ಹಿಡ್ಕೊಂಡಿರೋ ಮನೆ ಅಷ್ಟೇ. ನನ್ನ ವರ್ಕ್‌ಶಾಪಿಗೆ ಬಂದ ಇಂಥ ಗಾಡಿಗಳಲ್ಲಿ ಹೆಡ್ ಹಾಳಾಗಿದ್ದು ತುಕ್ಕಿನಿಂದ ಅಲ್ಲ, ತುಕ್ಕು ಬಿಡಿಸೋಕೆ ಅಂತ ಯಾರೋ ಮಾಡಿದ ಬಲಪ್ರಯೋಗದಿಂದ. ಹಾಗಾಗಿ ಈ ಉತ್ತರ ಪೂರ್ತಿ ಓದೋವರೆಗೂ ಕಿಕ್ ಹೊಡೀಬೇಡಿ, ತಳ್ಳಬೇಡಿ, ಸುತ್ತಿಗೆ ಮುಟ್ಟಬೇಡಿ.

ಇನ್ನೊಂದು ವಿಷ್ಯ, ಅದು ನಿಜವಾಗ್ಲೂ ವಾಲ್ವ್ ಜಾಮೇನಾ ಅಂತ ಮೊದಲು ಖಚಿತ ಮಾಡ್ಕೋಬೇಕು. ಹಳೇ ಕಾಸ್ಟ್ ಐರನ್ ಬುಲೆಟ್ಟಲ್ಲಿ (ಹೆಸರು ಹಂಗೆ, ಆದ್ರೆ ಎರಕದ ಕಬ್ಬಿಣ ಇರೋದು ಸಿಲಿಂಡರ್ ಬ್ಯಾರಲ್ ಮಾತ್ರ, ಹೆಡ್ ಅಲ್ಯೂಮಿನಿಯಂದು, ಇದು ಮುಂದೆ ಮುಖ್ಯ ಆಗತ್ತೆ) ಡಿಕಂಪ್ರೆಸರ್ ಅಂತ ಒಂದು ಪುಟ್ಟ ವಾಲ್ವ್ ಹೆಡ್ಡಲ್ಲಿ ಬೇರೆ ಇದೆ. ಹ್ಯಾಂಡಲ್ಲಲ್ಲಿರೋ ಸಣ್ಣ ಲಿವರ್ ಎಳೆದ್ರೆ ಅದು ತೆರ್ಕೊಂಡು ಸಿಲಿಂಡರ್ ಗಾಳೀನ ಎಕ್ಸಾಸ್ಟ್ ಕಡೆಗೇ ಬಿಡತ್ತೆ. ಅಂದ್ರೆ ಏನಾಯ್ತು, ಡಿಕಂಪ್ರೆಸರ್ ಕೇಬಲ್ ತುಕ್ಕು ಹಿಡಿದು ಎಳ್ಕೊಂಡೇ ನಿಂತಿದ್ರೆ ಅಥವಾ ಆ ಪುಟ್ಟ ವಾಲ್ವಿನ ಕೆಳಗೆ ಕಾರ್ಬನ್ ಸಿಕ್ಕಿಹಾಕ್ಕೊಂಡಿದ್ರೆ ನೀವು ಬರೆದಿರೋ ಲಕ್ಷಣಗಳೇ ಬರತ್ತೆ, ಕಿಕ್ಕರ್ ಫ್ರೀ, ಸೈಲೆನ್ಸರಲ್ಲಿ ಪುಸ್. ಬರೀ ಇದಕ್ಕೋಸ್ಕರ ಹೆಡ್ ಇಳಿಸಿದ ಗಾಡಿಗಳನ್ನ ನಾನು ನೋಡಿದೀನಿ. ಕೇಬಲ್ ಕಳಚಿ, ಆ ವಾಲ್ವಿನ ತುದಿ ಬೆರಳಲ್ಲಿ ಒತ್ತಿ ನೋಡಿ, ಸ್ಪ್ರಿಂಗ್ ಚುರುಕಾಗಿ ವಾಪಸ್ ಬರ್ಬೇಕು. ಬರ್ಲಿಲ್ಲ ಅಂದ್ರೆ ಮೊದಲು ಅದನ್ನ ಸರಿ ಮಾಡಿ.

ಅದು ಸರಿ ಇದೆ ಅಂದ್ಮೇಲೆ ಟ್ಯಾಂಕ್ ಇಳಿಸಿ, ಪ್ಲಗ್ ಬಿಚ್ಚಿ, ಇಂಜಿನ್ ಬಲಗಡೆ ಕೆಳಗಿರೋ ಟ್ಯಾಪೆಟ್ ಕವರ್ ತೆಗೀರಿ, ಮೇಲೆ ರಾಕರ್ ಕವರ್ ಎರಡೂ ತೆಗೀರಿ. ಮುಂದಿಂದು ಉರಿದ ಹೊಗೆ ಹೊರಗೆ ಬಿಡೋ ಎಕ್ಸಾಸ್ಟ್, ಕಾರ್ಬುರೇಟರ್ ಕಡೆ ಇರೋದು ಪೆಟ್ರೋಲ್ ಗಾಳಿ ಒಳಗೆ ಬಿಡೋ ಇನ್ಲೆಟ್. ಕೆಳಗೆ ಕ್ಯಾಮ್ ಅನ್ನೋ ಉಬ್ಬಿರೋ ಚಕ್ರ ತಿರುಗಿ ಪುಶ್‌ರಾಡ್ ಅನ್ನೋ ಉದ್ದ ಸರಳನ್ನ ಮೇಲೆತ್ತತ್ತೆ, ಆ ಸರಳು ರಾಕರ್ ಅನ್ನೋ ಸನ್ನೆಕೋಲಿನ ಮೂಲಕ ವಾಲ್ವನ್ನ ಕೆಳಗೆ ಒತ್ತಿ ತೆರೆಯತ್ತೆ; ಸರಳಿನ ಬುಡದಲ್ಲಿ ಸಂದು ಹೊಂದಿಸೋ ಜಾಗವೇ ಟ್ಯಾಪೆಟ್. ಈಗ ಪ್ಲಗ್ ತೂತಲ್ಲಿ ಒಂದು ಪ್ಲಾಸ್ಟಿಕ್ ಸ್ಟ್ರಾ ಇಟ್ಕೊಂಡು ಟಾಪ್ ಗೇರ್ ಹಾಕಿ ಹಿಂದಿನ ಚಕ್ರಾನ ಕೈಯಲ್ಲಿ ನಿಧಾನ ತಿರುಗಿಸಿ. ಇನ್ಲೆಟ್ ರಾಡ್ ಮೇಲೆ ಹೋಗಿ ಕೆಳಗೆ ಬಂದಾದ ಮೇಲೆ ಸ್ಟ್ರಾ ಪೂರ್ತಿ ಮೇಲಕ್ಕೆ ಬಂದು ನಿಲ್ಲೋ ಜಾಗ ಇದ್ಯಲ್ಲ, ಅದೇ ಕಂಪ್ರೆಷನ್ ಟಾಪ್. ಅಲ್ಲಿ ಎರಡು ವಾಲ್ವೂ ಮುಚ್ಚಿರ್ಬೇಕು, ಎರಡು ಪುಶ್‌ರಾಡೂ ಬೆರಳಲ್ಲಿ ತಿರುಗಬೇಕು ಆದ್ರೆ ಮೇಲೆ ಕೆಳಗೆ ಆಡಬಾರ್ದು. ಎಕ್ಸಾಸ್ಟ್ ರಾಡ್ ಮಾತ್ರ ಲೊಡಲೊಡ ಅಂತ ಮಿಲಿಮೀಟರ್‌ಗಟ್ಟಲೆ ಮೇಲೆ ಕೆಳಗೆ ಆಡ್ತಿದ್ರೆ, ಮೇಲಿಂದ ನೋಡಿದಾಗ ಎಕ್ಸಾಸ್ಟ್ ಸ್ಪ್ರಿಂಗಿನ ತಲೆ ಮೇಲಿರೋ ಬಿಲ್ಲೆ ಇನ್ಲೆಟ್ಟಿನದಕ್ಕಿಂತ ತಗ್ಗಲ್ಲಿ ಕೂತಿದ್ರೆ, ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ವಾಲ್ವ್ ತೆರ್ಕೊಂಡೇ ಜಾಮ್ ಆಗಿದೆ. ಹಾಗೇ ಸ್ಪ್ರಿಂಗ್ ಮುರಿದಿದ್ಯಾ ಅಂತಲೂ ಟಾರ್ಚ್ ಬಿಟ್ಟು ನೋಡಿ, ಒಳಗೊಂದು ಹೊರಗೊಂದು ಎರಡು ಸ್ಪ್ರಿಂಗ್ ಇರತ್ತೆ, ತುಕ್ಕು ಹಿಡಿದ ಕಡೆ ತುಂಡಾಗಿರೋದು ಉಂಟು. ಅಕಸ್ಮಾತ್ ಎರಡು ರಾಡೂ ಸರಿ ಇದೆ, ಆದ್ರೂ ಕಂಪ್ರೆಷನ್ ಇಲ್ಲ ಅಂದ್ರೆ ಪ್ಲಗ್ ತೂತಲ್ಲಿ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು, ಪ್ಲಗ್ ಹಾಕಿ ಮತ್ತೆ ತಿರುಗಿಸಿ, ಕಂಪ್ರೆಷನ್ ಬಂದ್ರೆ ತೊಂದ್ರೆ ಪಿಸ್ಟನ್ ರಿಂಗಲ್ಲಿದೆ, ಅದು ಬೇರೆಯದೇ ಕೆಲಸ.

ಈಗ ಇದು ಯಾಕಾಯ್ತು ಅಂತ. ಇದು ಗೊತ್ತಾದ್ರೆ ಏನು ಮಾಡ್ಬೇಕು ಅನ್ನೋದು ಅರ್ಧ ತಾನಾಗೇ ಗೊತ್ತಾಗತ್ತೆ. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟತ್ತೆ, ಆವಿ ರೂಪದಲ್ಲಿ. ಗಾಡಿ ಚೆನ್ನಾಗಿ ಬಿಸಿಯಾಗಿ ಓಡ್ತಿದ್ರೆ ಆ ಆವಿ ಸೈಲೆನ್ಸರ್ ಬಾಯಿಂದ ಹೊರಗೆ ಹೋಗತ್ತೆ. ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದ್ರೆ ಇಂಜಿನ್ ಇನ್ನೂ ತಣ್ಣಗೇ ಇರತ್ತೆ, ಆ ಆವಿ ಎಲ್ಲಾ ಪೈಪಲ್ಲಿ, ಎಕ್ಸಾಸ್ಟ್ ಪೋರ್ಟಲ್ಲಿ (ಹೆಡ್ಡಿನೊಳಗೆ ಹೊಗೆ ಹೊರಗೆ ಹೋಗೋ ದಾರಿ), ವಾಲ್ವಿನ ಕಾಂಡದ ಮೇಲೆ ನೀರಾಗಿ ಇಳಿಯತ್ತೆ. ಉರಿದ ಗ್ಯಾಸಿನ ಜೊತೆ ಸೇರಿ ಆ ನೀರಿಗೆ ಸ್ವಲ್ಪ ಆಮ್ಲದ ಗುಣಾನೂ ಬರತ್ತೆ. ಅಂದ್ರೆ ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಇಟ್ರೆ ಇಂಜಿನ್ ಚೆನ್ನಾಗಿರತ್ತೆ ಅನ್ನೋ ನಂಬಿಕೆ ಇದ್ಯಲ್ಲ, ಅದು ಎಕ್ಸಾಸ್ಟ್ ವಾಲ್ವಿನ ಮಟ್ಟಿಗೆ ಪೂರ್ತಿ ಉಲ್ಟಾ. ನಿಮ್ಮನ್ನ ದೂರ್ತಿಲ್ಲ, ನೂರಕ್ಕೆ ತೊಂಬತ್ತು ಮನೇಲಿ ಪ್ರೀತಿಯಿಂದ ಇದನ್ನೇ ಮಾಡ್ತಾರೆ. ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸಿ ಪೂರ್ತಿ ಬಿಸಿ ಮಾಡಿ ನಿಲ್ಸೋಕಾದ್ರೆ ಸ್ಟಾರ್ಟ್ ಮಾಡಿ, ಇಲ್ಲಾಂದ್ರೆ ಮುಟ್ಟದೇ ಇರೋದೇ ಮೇಲು.

ಎರಡನೇ ಕಾರಣ, ಇಂಜಿನ್ ಯಾವ ಸ್ಥಿತಿಯಲ್ಲಿ ನಿಲ್ತು ಅನ್ನೋದು. ನಿಮ್ಮ ಗಾಡಿ ಕಡೇ ಸಲ ನಿಂತಾಗ ಎಕ್ಸಾಸ್ಟ್ ವಾಲ್ವ್ ತೆರ್ಕೊಂಡಿತ್ತು. ವಾಲ್ವ್ ತೆರೆದಾಗ ಅದರ ಕಾಂಡ ಗೈಡಿನಿಂದ ಒಂದಷ್ಟು ಹೊರಗೆ ಬಂದು ಪೋರ್ಟಲ್ಲಿ ಬರಿಮೈಯಲ್ಲಿ ನಿಂತಿರತ್ತೆ. ನಿಮ್ಮ ಕಡೆ ಮಳೆ ಅಂದ್ರೆ ಕೇಳ್ಬೇಕಾ, ಆಗುಂಬೆ ಪಕ್ಕದಲ್ಲೇ ಇದೆ, ಜೂನಿಂದ ಸೆಪ್ಟೆಂಬರ್‌ವರೆಗೂ ಗೋಡೆ ಬೆವರೋ ಜಾಗ. ಆ ಒದ್ದೆ ಗಾಳಿ ಸೈಲೆನ್ಸರ್ ಬಾಯಿಂದ ಸೀದಾ ಒಳಗೆ ಬಂದು ಆ ಕಾಂಡದ ಮೇಲೆ ತುಕ್ಕು ಕಟ್ಟಿಸತ್ತೆ, ಗೈಡಿನ ಬಾಯಲ್ಲೂ ತುಕ್ಕು. ಕಾಂಡಕ್ಕೂ ಗೈಡಿಗೂ ನಡುವೆ ಇರೋ ಸಂದು ಎಷ್ಟು ಅಂತೀರಾ, ಎಕ್ಸಾಸ್ಟ್ ವಾಲ್ವಿಗೆ ಸಾಮಾನ್ಯವಾಗಿ 0.05ರಿಂದ 0.08 ಮಿ.ಮೀ., ಒಂದು ತಲೆಕೂದಲಿನ ದಪ್ಪ. ಕಬ್ಬಿಣ ತುಕ್ಕಾದ್ರೆ ಊದತ್ತೆ, ಅಷ್ಟು ಸಣ್ಣ ಸಂದು ತುಂಬೋಕೆ ಒಂದೇ ಮಳೆಗಾಲ ಸಾಕು, ಮೇಲಿಂದ ಹಳೇ ಕಾರ್ಬನ್ ಬೇರೆ. ಕ್ಯಾಮ್ ಕೆಳಗೆ ತಳ್ಳತ್ತೆ, ಆದ್ರೆ ಮೇಲೆ ಎಳೆಯೋದು ಬರೀ ಸ್ಪ್ರಿಂಗ್, ಆ ಸ್ಪ್ರಿಂಗಿಗೆ ತುಕ್ಕು ಕೀಳೋ ಶಕ್ತಿ ಇಲ್ಲ. ಅದಕ್ಕೇ ತೆರ್ಕೊಂಡೇ ನಿಂತಿರೋದು.

ಕೊಟ್ಟಿಗೆ ಪಕ್ಕ ಅಂದ್ರಲ್ಲ, ಅದಕ್ಕೊಂದು ಮಾತು. ಗಂಜಲದಿಂದ ಬರೋ ಅಮೋನಿಯಾ ಹಿತ್ತಾಳೆ ತಾಮ್ರ ತಿನ್ನತ್ತೆ. ಕಾರ್ಬುರೇಟರ್ ಜೆಟ್ಟುಗಳು, ವೈರಿನ ತುದಿಗಳು, ಇವನ್ನೂ ಈ ಕೆಲಸದ ಜೊತೇಲೇ ನೋಡಿ, ಹಸಿರು ಕಟ್ಟಿದ್ರೆ ಬದಲಾಯಿಸಿ. ಜೆಟ್ ಕಟ್ಟಿಕೊಂಡು ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ ಆದ್ರೆ ಇಂಜಿನ್ ಅತಿಯಾಗಿ ಬಿಸಿಯಾಗಿ ಹೊಸ ವಾಲ್ವೂ ಕೆಡತ್ತೆ.

ಮತ್ತೆ ಹಳೇ ಪೆಟ್ರೋಲ್. ವರ್ಷಗಟ್ಟಲೆ ನಿಂತ ಪೆಟ್ರೋಲ್ ಅಂಟಾಗತ್ತೆ, ಆ ಅಂಟು ಹೆಚ್ಚಾಗಿ ಕೂರೋದು ಇನ್ಲೆಟ್ ವಾಲ್ವಿನ ಕಾಂಡಕ್ಕೆ. ಬಿಸಿ ಇದ್ದಾಗ ಜಾರತ್ತೆ, ರಾತ್ರಿ ತಣ್ಣಗಾದ್ರೆ ಅಂಟಿಕೊಳ್ಳತ್ತೆ, ಬೆಳಿಗ್ಗೆ ಕಿಕ್ ಹೊಡೆದಾಗ ವಾಲ್ವ್ ಬರಲ್ಲ. ನೀವು ಟ್ಯಾಂಕ್ ತೊಳೆದು ಹೊಸದು ಹಾಕಿದ್ದು ಒಳ್ಳೇದಾಯ್ತು. ಈಗ ಬರೋ ಪೆಟ್ರೋಲಲ್ಲಿ 20% ಎಥನಾಲ್ ಇರೋದ್ರಿಂದ ಅದು ಗಾಳಿಯ ತೇವ ಎಳ್ಕೊಳ್ಳೋದು ಜಾಸ್ತಿ, ಹಾಗಾಗಿ ತಿಂಗಳುಗಟ್ಟಲೆ ಟ್ಯಾಂಕಲ್ಲಿ, ಕಾರ್ಬುರೇಟರಲ್ಲಿ ಬಿಡೋ ಅಭ್ಯಾಸ ಇನ್ನು ಬೇಡ.

ಕೆಲವರು ಇದಕ್ಕೆ ಸೀಸ ಇಲ್ಲದ ಪೆಟ್ರೋಲ್ ಕಾರಣ ಅಂತಾರೆ. ನಮ್ಮ ದೇಶದಲ್ಲಿ 2000ದ ಫೆಬ್ರವರಿಯಿಂದ ಸೀಸದ ಪೆಟ್ರೋಲ್ ಪೂರ್ತಿ ನಿಂತಿದೆ, ನಿಜ, ಸೀಸ ಇಲ್ಲದಿದ್ರೆ ಹಳೇ ಮೆತ್ತನೆ ವಾಲ್ವ್ ಸೀಟು (ಮುಚ್ಚಿದಾಗ ವಾಲ್ವಿನ ತಲೆ ಕೂರೋ ಉಂಗುರ) ನಿಧಾನಕ್ಕೆ ಸವೆಯಬಹುದು, ಅದೂ ನಿಜ. ಆದ್ರೆ ಅದು ಸವೆತದ ಕಥೆ, ಜಾಮಿನದಲ್ಲ. ಸೀಟ್ ಸವೆದ್ರೆ ವಾಲ್ವ್ ಮೇಲಕ್ಕೆ ಸರಿದು ಟ್ಯಾಪೆಟ್ ಬಿಗಿ ಆಗತ್ತೆ, ಅಷ್ಟೇ, ಟ್ಯಾಪೆಟ್ ಆಗಾಗ ನೋಡ್ಕೊಂಡ್ರೆ ಗೊತ್ತಾಗತ್ತೆ.

ಈಗ ಚಿಕ್ಕಪ್ಪನ ಸಲಹೆ. ಹಿರಿಯರು ಹಂಗೆ ಹೇಳೋದಕ್ಕೆ ಕಾರಣ ಇದೆ. ಅವರ ಕಾಲದಲ್ಲಿ ರಸ್ತೆ ತುಂಬಾ ಮೈಸೂರಿನ ಯಾದವಗಿರಿ ಫ್ಯಾಕ್ಟರಿಯ ಜಾವಾ, ಯೆಜ್ಡಿ. ಅವು ಟೂ ಸ್ಟ್ರೋಕ್, ಅದರಲ್ಲಿ ಹಿಂಗೆ ತೆರೆದು ಮುಚ್ಚೋ ವಾಲ್ವೇ ಇಲ್ಲ, ಸಿಲಿಂಡರ್ ಗೋಡೇಲಿರೋ ಕಿಂಡಿಗಳನ್ನ ಪಿಸ್ಟನ್ನೇ ಮುಚ್ಚಿ ತೆರೆಯತ್ತೆ. ಅಂಥ ಗಾಡಿಯಲ್ಲಿ ಪಿಸ್ಟನ್ ಹಗುರವಾಗಿ ಹಿಡ್ಕೊಂಡಿದ್ರೆ ಗೇರ್ ಹಾಕಿ ಹಿಂದೆ ಮುಂದೆ ಅಲ್ಲಾಡಿಸಿ ಬಿಡಿಸ್ಕೊಂಡವರು ಬೇಕಾದಷ್ಟು ಜನ. ಬುಲೆಟ್ಟಲ್ಲಿ ಆ ಉಪಾಯ ನಡೆಯಲ್ಲ. ವಾಲ್ವ್ ತೆರೆದು ನಿಂತಿದ್ರೆ ಎಷ್ಟು ತಳ್ಳಿದ್ರೂ ಅದನ್ನ ಮೇಲೆ ಎಳೆಯೋ ಯಾವ ಬಲಾನೂ ಹೊಸದಾಗಿ ಹುಟ್ಟಲ್ಲ, ಬದಲಿಗೆ ಕ್ಯಾಮ್ ಪ್ರತೀ ಸುತ್ತಿಗೂ ಬಂದು ಆ ಲೊಡಲೊಡ ರಾಡಿಗೆ ಹೊಡೆಯತ್ತೆ, ರಾಡ್ ಜಾಗ ತಪ್ಪಿ ಬಗ್ಗತ್ತೆ. ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ಜಾಮ್ ಆಗಿದ್ರಂತೂ ಇನ್ನೂ ಕೆಟ್ಟದ್ದು, ಇಡೀ ಗಾಡಿಯ ಭಾರ ಒಂದು ಪುಶ್‌ರಾಡ್ ಮೇಲೆ ಬೀಳತ್ತೆ, ರಾಡ್ ಇಲ್ಲಾ ರಾಕರ್ ಎರಡರಲ್ಲಿ ಒಂದು ಹೋಗತ್ತೆ.

ಸುತ್ತಿಗೆ ಏಟಿನಿಂದ ಆಗೋದು ಏನಂದ್ರೆ, ವಾಲ್ವಿನ ತುದಿ ಅಣಬೆ ತಲೆ ಹಂಗೆ ಅರಳತ್ತೆ. ಆಮೇಲೆ ತುಕ್ಕು ಬಿಟ್ರೂ ಆ ಅರಳಿದ ತುದಿ ಗೈಡಿನ ಒಳಗೆ ತೂರಲ್ಲ, ಜೋರು ಮಾಡಿದ್ರೆ ಗೈಡನ್ನೇ ಕೆರ್ಕೊಂಡು ಬರತ್ತೆ. ಇನ್ನೊಂದು ಅಪಾಯ, ಏಟು ಸ್ಪ್ರಿಂಗಿನ ಬಿಲ್ಲೆ ಮೇಲೆ ಬಿದ್ರೆ ವಾಲ್ವ್ ಅಲ್ಲಾಡದೇ ಬಿಲ್ಲೆ ಮಾತ್ರ ಕೆಳಗೆ ಹೋಗಿ ಬಿಲ್ಲೇನ ಕಾಂಡಕ್ಕೆ ಹಿಡಿದಿಡೋ ಎರಡು ಸಣ್ಣ ವಾಲ್ವ್ ಲಾಕ್ ಚಿಮ್ಮಿ ಕಣ್ಣಿಗೆ ಬರಬಹುದು, ಲಾಕ್ ಹೋದ ವಾಲ್ವ್ ಸಿಲಿಂಡರ್ ಒಳಗೆ ಬೀಳಬಹುದು.

ಇನ್ನು ಯಾರಾದ್ರೂ ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಿ ಅಂದ್ರೆ ದಯವಿಟ್ಟು ಕೇಳ್ಬೇಡಿ. ಟೂ ಸ್ಟ್ರೋಕ್ ಸೈಲೆನ್ಸರ್ ಕಾರ್ಬನ್ ತೊಳೆಯೋಕೆ ಅದನ್ನ ಬಳಸ್ತಿದ್ರು, ಅದು ಉಕ್ಕು, ನಡೆಯತ್ತೆ. ನಿಮ್ಮ ಹೆಡ್ ಅಲ್ಯೂಮಿನಿಯಂ, ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂನ ಬುಸುಬುಸು ಅಂತ ಕರಗಿಸತ್ತೆ, ಬೆಳಿಗ್ಗೆ ನೋಡಿದ್ರೆ ಹೆಡ್ಡಿನ ಮುಖ ತೂತು ತೂತಾಗಿರತ್ತೆ. ವಿನೆಗರ್, ಕೋಲಾ ಇವೂ ಬೇಡ, ತುಕ್ಕಿಗಿಂತ ಮೊದಲು ಬೇರೆ ಏನನ್ನೋ ತಿಂದಿರತ್ತೆ. ಗ್ಯಾಸ್ ವೆಲ್ಡಿಂಗ್ ಜ್ವಾಲೇಲಿ ಒಂದೇ ಕಡೆ ಕಾಯಿಸೋದೂ ಬೇಡ, ಹೆಡ್ ಸೊಟ್ಟ ಆಗತ್ತೆ, ಸೀಟ್ ಸಡಿಲ ಆಗಬಹುದು, ಎಣ್ಣೆ ಹೊಡೆದಿರೋ ಜಾಗ ಆದ್ರೆ ಬೆಂಕಿ ಬೇರೆ.

ಸರಿ, ಹಾಗಾದ್ರೆ ಮಾಡೋದೇನು. ಬಿಚ್ಚದೇ ಬಿಡಿಸೋ ದಾರಿ ಇದೆ, ಮನೇಲೂ ಮಾಡ್ಬಹುದು, ಅದಕ್ಕೆ ಬೇಕಾಗೋದು ತಾಳ್ಮೆ. ಟ್ಯಾಂಕ್ ಮೊದಲೇ ಇಳಿಸಿ ದೂರ ಇಟ್ಟಿದೀರಲ್ಲ, ಈಗ ಸೈಲೆನ್ಸರ್ ಪೈಪ್ ಬಿಚ್ಚಿ. ಪೋರ್ಟ್ ಒಳಗೆ ಟಾರ್ಚ್ ಬಿಟ್ರೆ ವಾಲ್ವಿನ ಕಾಂಡ, ಅದು ಗೈಡಿನೊಳಗೆ ಹೋಗೋ ಜಾಗ ಕಾಣತ್ತೆ. ಮೊದಲು ಅಲ್ಲಿ ಕಾಣೋ ಕಾರ್ಬನ್ನು ತುಕ್ಕು ಎಷ್ಟಾಗತ್ತೋ ಅಷ್ಟನ್ನ ಸಣ್ಣ ಹಿತ್ತಾಳೆ ಬ್ರಷ್ಷಲ್ಲಿ, ಸೀಮೆಎಣ್ಣೆ ಬಟ್ಟೇಲಿ ಉಜ್ಜಿ ತೆಗೀರಿ, ಯಾಕಂದ್ರೆ ಆ ಕಾಂಡವೇ ಈಗ ಗೈಡಿನೊಳಗೆ ವಾಪಸ್ ಹೋಗ್ಬೇಕಾಗಿರೋದು, ತುಕ್ಕು ಮೆತ್ಕೊಂಡೇ ಮೇಲೆ ಎಳೆದ್ರೆ ಇನ್ನೂ ಬಿಗಿಯಾಗಿ ಸಿಕ್ಕಿಹಾಕ್ಕೊಳ್ಳತ್ತೆ. ಈ ಒಂದು ಹೆಜ್ಜೆ ಬಿಟ್ಟು ನೇರ ಎಣ್ಣೆ ಹೊಡೆಯೋಕೆ ಶುರು ಮಾಡೋರೇ ಜಾಸ್ತಿ, ಅಲ್ಲೇ ಕೆಲಸ ಕೆಡೋದು.

ಆಮೇಲೆ ತುಕ್ಕು ಬಿಡಿಸೋ ಪೆನಿಟ್ರೇಟಿಂಗ್ ಆಯಿಲ್ ತಂದು ಕೆಳಗೆ ಪೋರ್ಟ್ ಕಡೆಯಿಂದ ಗೈಡಿನ ಬಾಯಿಗೆ, ಮೇಲೆ ಸ್ಪ್ರಿಂಗಿನ ಸಂದಿಂದ ಗೈಡಿನ ತಲೆಗೆ, ಎರಡೂ ಕಡೆ ಹೊಡೀರಿ. ಬೆಳಿಗ್ಗೆ ಸಂಜೆ ಹೊಡೆದು ಎರಡು ಮೂರು ದಿನ ಬಿಡಿ, ಮಲೆನಾಡಿನ ತುಕ್ಕಿಗೆ ಒಂದು ವಾರ ಬಿಟ್ರೂ ತಪ್ಪಿಲ್ಲ. ನಡುನಡುವೆ ಹೀಟ್ ಗನ್ ಇದ್ರೆ ಇಡೀ ಹೆಡ್ಡನ್ನ ಸಮವಾಗಿ ಕೈ ಇಡೋಕಾಗದಷ್ಟು ಬೆಚ್ಚಗೆ ಮಾಡಿ, ಅದಕ್ಕೆ ಮೊದಲು ಹೊರಗಿನ ಎಣ್ಣೆ ಒರೆಸಿ, ಗಾಳಿ ಆಡೋ ಜಾಗದಲ್ಲಿ ಮಾಡಿ. ಬಿಸಿ ತಣ್ಣಗೆ ಬಿಸಿ ತಣ್ಣಗೆ ಆಗ್ತಾ ಇದ್ರೆ ತುಕ್ಕಿನ ಹಿಡಿತ ಬಿರುಕು ಬಿಡತ್ತೆ, ತಣ್ಣಗಾಗುವಾಗ ಎಣ್ಣೆ ಒಳಗೆ ಎಳ್ಕೊಳ್ಳತ್ತೆ.

ಆಮೇಲೆ ಅಲ್ಲಾಡಿಸೋದು. ಜನ ಮಾಡೋ ತಪ್ಪೇನಂದ್ರೆ ವಾಲ್ವನ್ನ ಒಂದೇ ಸಲ ಮುಚ್ಚಿಸೋಕೆ ನೋಡ್ತಾರೆ. ಹಾಗಲ್ಲ, ಎರಡೂ ದಿಕ್ಕಿಗೆ ಚೂರು ಚೂರು ಓಡಾಡಿಸ್ಬೇಕು. ಪಿಸ್ಟನ್ ಕೆಳಗಿರೋ ಹಂಗೆ ನೋಡ್ಕೊಳ್ಳಿ, ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ರಾಕರ್ ಸೆಟ್ ಬಿಚ್ಚಿಡಿ. ಕಾಂಡದ ತುದಿ ಮೇಲೆ ಒಂದು ಗಟ್ಟಿ ಕ್ಯಾಪ್ ಇರತ್ತೆ, ಅದನ್ನ ಹಾಗೇ ಬಿಟ್ಟು ಅದರ ಮೇಲೆ ಹಿತ್ತಾಳೆ ಸರಳಿಟ್ಟು ಸಣ್ಣ ಸುತ್ತಿಗೇಲಿ ಬಾಗಿಲು ತಟ್ಟೋ ಅಷ್ಟೇ ಜೋರಲ್ಲಿ ತಟ್ಟಿ. ಕೂದಲೆಳೆಯಷ್ಟು ಕೆಳಗೆ ಸರಿದ್ರೂ ಗೆದ್ದಂಗೆ, ಮತ್ತೆ ಎಣ್ಣೆ ಹೊಡೀರಿ, ಸ್ಪ್ರಿಂಗಿಗೆ ಮೇಲೆ ಎಳೆಯೋಕೆ ಸಮಯ ಕೊಡಿ, ಮತ್ತೆ ತಟ್ಟಿ. ಪ್ರತೀ ಸಲ ಸ್ವಲ್ಪ ಜಾಸ್ತಿ ಮೇಲೆ ಬರ್ತಾ ಹೋಗತ್ತೆ. ಬಿಲ್ಲೆ ಮೇಲೆ ಮಾತ್ರ ತಟ್ಟಬೇಡಿ.

ಮೇಲೆ ಬರೋಕೆ ಸಹಾಯ ಬೇಕು ಅಂದ್ರೆ ಹಗ್ಗದ ಉಪಾಯ ಇದೆ. ಕಂಪ್ರೆಷನ್ ಸುತ್ತಲ್ಲೇ ಪಿಸ್ಟನ್ ಟಾಪಿಗಿಂತ ಒಂದೆರಡು ಇಂಚು ಕೆಳಗಿರುವಾಗ ಪ್ಲಗ್ ತೂತಿಂದ ಮೆತ್ತನೆ ನೂಲಿನ ಹಗ್ಗ ತುಂಬಿ, ತುದಿ ಹೊರಗೇ ಬಿಟ್ಟು, ಚಕ್ರಾನ ಕೈಯಲ್ಲಿ ತಿರುಗಿಸಿದ್ರೆ ಪಿಸ್ಟನ್ ಹಗ್ಗಾನ ಒತ್ತತ್ತೆ, ಹಗ್ಗ ವಾಲ್ವಿನ ತಲೇನ ಮೇಲೆ ಒತ್ತತ್ತೆ. ಇದರ ಅಪಾಯಾನೂ ಹೇಳ್ಬೇಕು, ಹಗ್ಗ ಒಂದೇ ಬದಿಗೆ ಗುಡ್ಡೆ ಆದ್ರೆ ವಾಲ್ವ್ ಓರೆಯಾಗಿ ಒತ್ತಿ ಕಾಂಡ ಬಗ್ಗತ್ತೆ. ಹಾಗಾಗಿ ಬರೀ ಕೈ ಬಲ, ಕಿಕ್ಕರ್ ಬೇಡವೇ ಬೇಡ, ಗಟ್ಟಿ ಅನ್ಸಿದ ತಕ್ಷಣ ನಿಲ್ಲಿಸಿ ಮತ್ತೆ ಎಣ್ಣೆಗೆ ವಾಪಸ್ ಹೋಗಿ.

ಹಿಂಗೆ ಬಿಟ್ಕೊಂಡ್ರೆ ತುಂಬಾ ಖುಷಿಯಾಗತ್ತೆ, ಕಂಪ್ರೆಷನ್ ಬಂದ್ಬಿಡತ್ತೆ, ಕಿಕ್ ಹೊಡೆಯೋಕೆ ಕೈಕಾಲು ತುರಿಸತ್ತೆ. ಇಲ್ಲೇ ನಾನು ಗಟ್ಟಿಯಾಗಿ ಹೇಳೋದು, ಅದನ್ನ ರಿಪೇರಿ ಅಂತ ತಿಳ್ಕೊಂಡು ರಸ್ತೆಗೆ ಇಳಿಸ್ಬೇಡಿ. ಗೈಡಿನೊಳಗೆ ತುಕ್ಕಿನ ಪುಡಿ ಇದೆ, ಕಾಂಡದ ಮೇಲೆ ತುಕ್ಕು ತಿಂದ ಗುಳಿ ಇದೆ, ಅಷ್ಟು ವರ್ಷ ತೆರ್ಕೊಂಡಿದ್ದ ಸೀಟಿನ ಮುಖಾನೂ ಹಾಳಾಗಿರತ್ತೆ. ಎಕ್ಸಾಸ್ಟ್ ವಾಲ್ವ್ ಓಡುವಾಗ ಕೆಂಪಗೆ ಕಾಯೋ ಸಾಮಾನು, ಅದರ ಬಿಸಿಯ ಮುಕ್ಕಾಲು ಪಾಲು ಹೊರಗೆ ಹೋಗೋದು ಅದು ಸೀಟಿನ ಮೇಲೆ ಕೂತಾಗ, ಉಳಿದಿದ್ದು ಗೈಡಿನ ಮೂಲಕ. ಸೀಟ್ ಸರಿಯಾಗಿ ಕೂರ್ಲಿಲ್ಲ ಅಂದ್ರೆ ಬಿಸಿ ಹೋಗೋಕೆ ದಾರಿ ಇಲ್ಲ, ಸಂದಿಂದ ಉರಿಯೋ ಗ್ಯಾಸ್ ನುಗ್ಗಿ ವಾಲ್ವಿನ ಅಂಚು ಸುಟ್ಟು ತುಂಡು ಕಿತ್ತು ಬರತ್ತೆ. ಜೊತೆಗೆ ನಡುದಾರೀಲಿ ಮತ್ತೆ ಜಾಮ್ ಆಗೋ ಸಾಧ್ಯತೆ ಬೇರೆ. ಹಾಗಾಗಿ ನನ್ನ ಸಲಹೆ, ವಾಲ್ವ್ ಬಿಡಿಸೋದು ಹೆಡ್ ಇಳಿಸೋ ಕೆಲಸ ಸುಲಭ ಮಾಡ್ಕೊಳ್ಳೋಕೆ, ಇಳಿಸೋದನ್ನ ತಪ್ಪಿಸೋಕೆ ಅಲ್ಲ. ನಿಮ್ಮಷ್ಟು ವರ್ಷ ನಿಂತ ಗಾಡಿಗಂತೂ ಹೆಡ್ ಇಳಿಸ್ಲೇಬೇಕು. ಎರಡು ತಿಂಗಳು ನಿಂತು ಸ್ವಲ್ಪ ಅಂಟಿಕೊಂಡಿದ್ದ ಗಾಡಿ ಆಗಿದ್ರೆ ಬೇರೆ ಮಾತು ಹೇಳ್ತಿದ್ದೆ.

ಹೆಡ್ ಇಳಿಸುವಾಗ ಇಂಜಿನ್ ತಣ್ಣಗಿರ್ಲಿ, ರಾಕರಿಗೆ ಹೋಗೋ ಆಯಿಲ್ ಪೈಪ್, ಕಾರ್ಬುರೇಟರ್ ತೆಗೆದು ಹೆಡ್ ನಟ್ಟುಗಳನ್ನ ಅಡ್ಡಡ್ಡ, ಚೂರು ಚೂರೇ ಸಡಿಲ ಮಾಡಿ. ಎರಡು ಪುಶ್‌ರಾಡಲ್ಲಿ ಯಾವುದು ಎಲ್ಲಿತ್ತು ಅಂತ ಗುರುತು ಹಾಕಿ, ಅದಲುಬದಲು ಆಗ್ಬಾರ್ದು. ಬೆಂಚ್ ಮೇಲೆ ಮರದ ತುಂಡಿಟ್ಟು ಹೆಡ್ ಕೂರಿಸಿ, ಪ್ಯಾಕಿಂಗ್ ಕೂರೋ ಮುಖಕ್ಕೆ ಗೀರು ಬೀಳ್ಬಾರ್ದು. ಇಷ್ಟು ನೀವೇ ಮಾಡ್ಬಹುದು. ಸ್ಪ್ರಿಂಗ್ ಬಿಚ್ಚೋಕೆ ಸ್ಪ್ರಿಂಗ್ ಒತ್ತೋ ಕ್ಲ್ಯಾಂಪ್ ಬೇಕು, ಅದಿಲ್ಲಾಂದ್ರೆ ಅಲ್ಲಿಗೆ ನಿಲ್ಲಿಸಿ ಹೆಡ್ಡನ್ನ ಚೀಲದಲ್ಲಿ ಹಾಕ್ಕೊಂಡು ಶಿವಮೊಗ್ಗಕ್ಕೆ ಒಳ್ಳೆ ಲೇತ್ ಕೆಲಸದವರ ಹತ್ರ ತಗೊಂಡ್ಹೋಗಿ. ಇಡೀ ಗಾಡಿ ಹೊತ್ಕೊಂಡು ಹೋಗೋ ಅಗತ್ಯ ಇಲ್ಲ.

ಸ್ಪ್ರಿಂಗ್ ಬಿಚ್ಚಿದ ಮೇಲೆ ವಾಲ್ವ್ ಹೊರಗೆ ತೆಗೆಯೋ ಮೊದಲು ಲಾಕ್ ಕೂರೋ ತೋಡಿನ ಅಂಚಲ್ಲಿ, ತುದೀಲಿ ಮುಳ್ಳು ಎದ್ದಿದ್ರೆ ಅರದಲ್ಲಿ ಉಜ್ಜಿ ನುಣುಪು ಮಾಡ್ಬೇಕು, ಆಮೇಲೆ ಕಾಂಡಕ್ಕಿಂತ ಸ್ವಲ್ಪ ಸಣ್ಣ ಹಿತ್ತಾಳೆ ಸರಳಲ್ಲಿ ತಟ್ಟಿ ತೆಗೀಬೇಕು. ಇಷ್ಟೆಲ್ಲ ಮಾಡಿದ್ರೂ ಬರ್ಲಿಲ್ಲ ಅಂದ್ರೆ ವಾಲ್ವು ಗೈಡು ಎರಡನ್ನೂ ಒಟ್ಟಿಗೆ ಬಲಿ ಕೊಡೋದು, ಹೆಡ್ ಉಳಿಸೋದು. ಇದೇ ಕಡೇ ದಾರಿ, ಇದು ಸೋಲಲ್ಲ, ನಾವು ಮಾಮೂಲಾಗಿ ಮಾಡೋ ಕೆಲಸ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗೋದು ಎರಕದ ಕಬ್ಬಿಣದ ಎರಡರಷ್ಟು, ಹಾಗಾಗಿ ಇಡೀ ಹೆಡ್ಡನ್ನ ಓವನಲ್ಲೋ ಹಾಟ್ ಪ್ಲೇಟ್ ಮೇಲೋ 150 ಡಿಗ್ರಿ ಸೆಲ್ಸಿಯಸ್ ಆಚೀಚೆ ಸಮವಾಗಿ ಕಾಯಿಸಿದ್ರೆ ಗೈಡಿನ ಸುತ್ತ ಹಿಡಿತ ಸಡಿಲ ಆಗತ್ತೆ, ಮೆಟ್ಟಿಲು ಕೊಟ್ಟ ಸರಳಲ್ಲಿ ಗೈಡ್ ಹೊಡೆದು ತೆಗೀತಾರೆ. ಗೈಡಿಗೆ ಕಾಲರ್ ಇದ್ಯಾ, ಯಾವ ಕಡೆಗೆ ಹೊರಬರತ್ತೆ ಅಂತ ಮೊದಲು ನೋಡ್ಬೇಕು. ಮೇಲ್ಮುಖವಾಗಿ ಬರೋದಾದ್ರೆ ವಾಲ್ವಿನ ಅಗಲ ತಲೆ ಅಡ್ಡ ಬರತ್ತೆ, ಆಗ ಕಾಂಡ ಕತ್ತರಿಸಿ ತಲೆ ಬೇರೆ ಮಾಡಿ ತೆಗೀಬೇಕು, ಕತ್ತರಿಸುವಾಗ ಸೀಟಿಗೆ ಏಟು ಬೀಳದಂಗೆ ನೋಡ್ಕೋಬೇಕು. ಅವಸರದಲ್ಲಿ ತಣ್ಣನೆ ಹೆಡ್ಡಿಗೆ ಗೈಡ್ ಹೊಡೆದ್ರೆ ಗೈಡ್ ಕೂರೋ ತೂತೇ ಕಿತ್ತೋಗತ್ತೆ, ಹೊಸ ಗೈಡ್ ಬಿಗಿಯಾಗಿ ಕೂರಲ್ಲ. ಲೇತಿನವರನ್ನ ಕೇಳೋ ಮೊದಲ ಪ್ರಶ್ನೆ ಇದೇ ಆಗಿರ್ಲಿ, ಹೆಡ್ ಕಾಯಿಸಿ ಗೈಡ್ ತೆಗೀತೀರಾ ಅಂತ. ಇಲ್ಲ ಅಂದ್ರೆ ಬೇರೆಯವರ ಹತ್ರ ಹೋಗಿ.

ಎರಡನೇ ಪ್ರಶ್ನೆ, ಹೊಸ ಗೈಡ್ ಕೂರಿಸಿದ ಮೇಲೆ ರೀಮರ್ ಹಾಕ್ತೀರಾ ಅಂತ. ಗೈಡ್ ಹೆಡ್ಡಿನೊಳಗೆ ಬಿಗಿಯಾಗಿ ಕೂತಾಗ ಅದರ ತೂತು ಚೂರು ಕಿರಿದಾಗತ್ತೆ, ರೀಮರಲ್ಲಿ ಸರಿಯಾದ ಅಳತೆಗೆ ತರದೇ ವಾಲ್ವ್ ಹಾಕಿದ್ರೆ ತಣ್ಣಗಿದ್ದಾಗ ಚೆನ್ನಾಗೇ ಓಡಾಡತ್ತೆ, ಬಿಸಿಯಾದಾಗ ಹಿಡ್ಕೊಳ್ಳತ್ತೆ. ಇಂಥ ಗಾಡಿ ಒಂದು ನನ್ನ ಹತ್ರ ಬಂದಿತ್ತು, ಬೇರೆ ಕಡೆ ಹೊಸ ಗೈಡ್ ಹಾಕಿಸಿದ್ದು, ಊರೊಳಗೆ ಏನೂ ತೊಂದ್ರೆ ಇಲ್ಲ, ಘಾಟಿ ಹತ್ತುವಾಗ ಅರ್ಧ ದಾರೀಲಿ ಕಂಪ್ರೆಷನ್ ಹೋಗೋದು, ಅರ್ಧ ಗಂಟೆ ಬಿಟ್ರೆ ಮತ್ತೆ ಬರೋದು, ಪಾಪ ಕಾರ್ಬುರೇಟರ್ ಕಾಯಿಲ್ ಎಲ್ಲಾ ಬದಲಾಯಿಸಿ ಸುಸ್ತಾಗಿದ್ರು. ರೀಮರ್ ಹಾಕಿ ಸಂದು ಕೊಟ್ಟ ಮೇಲೆ ಸರಿ ಹೋಯ್ತು. ಎಕ್ಸಾಸ್ಟಿಗೆ ಇನ್ಲೆಟ್ಟಿಗಿಂತ ಸಂದು ಜಾಸ್ತಿ ಬೇಕು, ಎರಡಕ್ಕೂ ಒಂದೇ ಅಳತೆ ಮಾಡಿ ಕೊಡೋರ ಹತ್ರ ಹುಷಾರು.

ಗೈಡ್ ಬದಲಾದ್ರೆ ಸೀಟ್ ಕೂಡ ಹೊಸ ಗೈಡಿನ ನಡುವಿಗೆ ಸರಿಯಾಗಿ ಮತ್ತೆ ಕಟಿಂಗ್ ಮಾಡಿಸ್ಬೇಕು, ಆಮೇಲೆ ಗ್ರೈಂಡಿಂಗ್ ಪೇಸ್ಟ್ ಹಾಕಿ ವಾಲ್ವ್ ಉಜ್ಜಿ ಸುತ್ತಲೂ ಒಂದೇ ಅಗಲದ ಬೂದು ಬಣ್ಣದ ಉಂಗುರ ಬರೋ ತನಕ ಕೂರಿಸ್ಬೇಕು. ಪೇಸ್ಟ್ ಒಂದು ಕಣಾನೂ ಉಳಿಯದಂಗೆ ತೊಳೀಬೇಕು. ಹಳೇ ಎಕ್ಸಾಸ್ಟ್ ವಾಲ್ವನ್ನ ಮತ್ತೆ ಹಾಕೋ ಆಸೆ ಬೇಡ, ಕಾಂಡದಲ್ಲಿ ಉಗುರಿಗೆ ಸಿಗೋ ಗುಳಿ ಇದ್ರೆ ಅದು ಕೆಲಸಕ್ಕೆ ಬರಲ್ಲ, ವಾಲ್ವು ಗೈಡು ಸ್ಪ್ರಿಂಗ್ ಎಲ್ಲಾ ಸೇರಿದ್ರೂ ಹೊಸ ಹೆಡ್ಡಿನ ಬೆಲೆ ಮುಂದೆ ಏನೂ ಅಲ್ಲ. ಇನ್ಲೆಟ್ ವಾಲ್ವನ್ನ ತೆಗೆದು ನೋಡಿ, ಚೆನ್ನಾಗಿದ್ರೆ ಅದೇ ಇರ್ಲಿ. ಎಲ್ಲಾ ಜೋಡಿಸಿದ ಮೇಲೆ ಪೋರ್ಟಿಗೆ ಸೀಮೆಎಣ್ಣೆ ತುಂಬಿ ಹತ್ತು ನಿಮಿಷ ಬಿಡಿ, ವಾಲ್ವಿನ ಸುತ್ತ ಜಿನುಗಿದ್ರೆ ಕೆಲಸ ಮುಗಿದಿಲ್ಲ ಅಂತ ಅರ್ಥ. ಲೇತಿನಿಂದ ಹೆಡ್ ತಗೊಳ್ಳುವಾಗ ಅವರ ಮುಂದೇನೇ ಇದನ್ನ ಮಾಡಿ ನೋಡಿ.

ಹೆಡ್ ಇಳಿದಿರುವಾಗ ಸಿಲಿಂಡರ್ ಗೋಡೆ ನೋಡಿ. ವಾಲ್ವ್ ತೆರೆದು ನಿಂತಿತ್ತು ಅಂದ್ರೆ ಆ ಒದ್ದೆ ಗಾಳಿ ಸಿಲಿಂಡರ್ ಒಳಗೂ ಬಂದಿದೆ, ಬ್ಯಾರಲ್ ಎರಕದ ಕಬ್ಬಿಣ, ಪಿಸ್ಟನ್ ನಿಂತಿದ್ದ ಜಾಗದ ಮೇಲೆ ತುಕ್ಕಿನ ಗೆರೆ ಇರಬಹುದು. ಕೈಗೆ ನುಣುಪಾಗಿದ್ದು ಬರೀ ಬಣ್ಣ ಇದ್ರೆ ಪರವಾಗಿಲ್ಲ, ಉಗುರು ಸಿಕ್ಕಿಹಾಕ್ಕೊಂಡ್ರೆ ಬೋರ್ ಮಾಡಿಸೋ (ಸಿಲಿಂಡರ್ ಗೋಡೆ ಕೊರೆಸಿ ನುಣುಪು ಮಾಡಿಸೋ) ಮಾತು ಈಗಲೇ ಆಡಿ, ಎರಡು ಸಲ ಬಿಚ್ಚೋದು ತಪ್ಪತ್ತೆ.

ವಾಪಸ್ ಜೋಡಿಸುವಾಗ ಹೆಡ್ ಪ್ಯಾಕಿಂಗ್ ಹೊಸದೇ ಇರ್ಲಿ, ಕಾಂಡಕ್ಕೆ ರಾಕರಿಗೆ ಕೈಯಾರೆ ಆಯಿಲ್ ಹಾಕಿ. ಹಳೇ ಬುಲೆಟ್ಟಲ್ಲಿ ಇನ್ನೊಂದು ಇದೆ, ವರ್ಷಗಟ್ಟಲೆ ನಿಂತಾಗ ಆಯಿಲ್ ಪಂಪಿನ ಮೂಲಕ ಜಿನುಗಿ ಕೆಳಗೆ ಫ್ಲೈವೀಲ್ ಕಡೆ ತುಂಬಿಕೊಂಡಿರತ್ತೆ, ಅದನ್ನ ಡ್ರೈನ್ ಪ್ಲಗ್ ಬಿಚ್ಚಿ ಪೂರ್ತಿ ಇಳಿಸಿ ಹೊಸ ಆಯಿಲ್ ಹಾಕ್ದೇ ಸ್ಟಾರ್ಟ್ ಮಾಡ್ಬೇಡಿ. ಸ್ಟಾರ್ಟ್ ಆದ ತಕ್ಷಣ ರಾಕರಿಗೆ ಹೋಗೋ ಪೈಪಿನ ಬೋಲ್ಟ್ ಸ್ವಲ್ಪ ಸಡಿಲ ಮಾಡಿ ಆಯಿಲ್ ಬರ್ತಿದ್ಯಾ ನೋಡಿ, ಬರದಿದ್ರೆ ಆಫ್ ಮಾಡಿ, ಒಣಗಿದ ರಾಕರಲ್ಲಿ ಓಡಿದ್ರೆ ಹೊಸ ಗೈಡಿಗೂ ಅದೇ ಗತಿ.

ಮತ್ತೆ ಆಗತ್ತಾ ಅಂತ ಕೇಳಿದ್ರಲ್ಲ. ಓಡ್ತಿದ್ರೆ ಆಗಲ್ಲ. ಮಳೆಗಾಲಕ್ಕೆ ನಿಲ್ಲಿಸ್ಬೇಕು ಅಂದ್ರೆ ಒಂದು ಒಳ್ಳೆ ಸುತ್ತು ಓಡಿಸಿ ಬಿಸಿ ಮಾಡಿ, ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬುರೇಟರ್ ಖಾಲಿಯಾಗೋವರೆಗೂ ಓಡಿಸಿ, ಪ್ಲಗ್ ತೂತಲ್ಲಿ ಎರಡು ಚಮಚ ಆಯಿಲ್ ಬಿಟ್ಟು ನಾಲ್ಕು ಸಲ ಕಿಕ್ಕರ್ ಒತ್ತಿ, ಪ್ಲಗ್ ಹಾಕಿ. ಆಮೇಲೆ ಕಿಕ್ಕರನ್ನ ನಿಧಾನ ಒತ್ತಿ ಗಟ್ಟಿಯಾಗಿ ತಡೆ ಸಿಗೋ ಜಾಗಕ್ಕೆ ತಂದು ನಿಲ್ಲಿಸಿ, ಅಲ್ಲಿ ಎರಡೂ ವಾಲ್ವ್ ಮುಚ್ಚಿರತ್ತೆ, ಕಾಂಡ ಗೈಡಿನೊಳಗೇ ಇರತ್ತೆ. ಸೈಲೆನ್ಸರ್ ತಣ್ಣಗಾದ ಮೇಲೆ ಬಾಯಿಗೆ ಆಯಿಲ್ ಬಟ್ಟೆ ತುರುಕಿ ಮೇಲೆ ಪ್ಲಾಸ್ಟಿಕ್ ಕಟ್ಟಿ, ಬಟ್ಟೆ ಇದೆ ಅಂತ ಹ್ಯಾಂಡಲ್ಲಿಗೆ ಒಂದು ಚೀಟಿ ಕಟ್ಟಿ, ಮನೇಲಿ ಬೇರೆಯವರು ಗೊತ್ತಿಲ್ದೇ ಕಿಕ್ ಹೊಡೀಬಾರ್ದು. ಕೊಟ್ಟಿಗೆ ಪಕ್ಕದಿಂದ ಅಂಗಳದ ಈಚೆಗೆ ತನ್ನಿ.

ಹೊಸ ಸೀಟ್ ಕೂತ ಮೊದಲ ಕೆಲವು ಓಟದಲ್ಲಿ ವಾಲ್ವ್ ಸ್ವಲ್ಪ ಒಳಗೆ ಕೂತು ಟ್ಯಾಪೆಟ್ ಬಿಗಿಯಾಗತ್ತೆ. ಹಾಗಾಗಿ ನೂರು ಕಿಲೋಮೀಟರ್ ಆದ ಮೇಲೆ ರಾತ್ರಿಯಿಡೀ ತಣ್ಣಗಾದ ಇಂಜಿನಲ್ಲಿ ಹೆಡ್ ನಟ್ ಮತ್ತೆ ಬಿಗಿ ಮಾಡಿ, ಟ್ಯಾಪೆಟ್ ನೋಡಿ, ಕಂಪ್ರೆಷನ್ ಟಾಪಲ್ಲಿ ಎರಡು ರಾಡೂ ಬೆರಳಿಗೆ ತಿರುಗಬೇಕು. ಹೆಡ್ ಇಳಿಸಿದಾಗ ಸೀಟಿನದ್ದೂ ಸಿಲಿಂಡರ್ ಗೋಡೆಯದ್ದೂ ಬೆಳಕಲ್ಲಿ ಒಂದೊಂದು ಫೋಟೋ ತೆಗೆದು ಕಳಿಸಿ, ಕಟಿಂಗ್ ಸಾಕಾ, ಬೋರಿಗೂ ಕೈ ಹಾಕ್ಬೇಕಾ ಅಂತ ನೋಡಿ ಹೇಳ್ತೀನಿ.